ಆ ರಾತ್ರಿ ಜೊತೆಗಿದ್ದವರಿಗೆ, ಮತ್ತು ಉಳಿದೆಲ್ಲರಿಗೆ

ಯಲಹಂಕ ಉಪನಗರದ ಒಂದು ಹೌಸಿಂಗ್ ಬೋರ್ಡ್ ಮನೆಯಲ್ಲಿ ನಾವೆಲ್ಲ ಸೇರಿ ಮಾಡಿದ ಚಿತ್ರ ಚಿತ್ರಮಂದಿರಗಳಲ್ಲಿ ತನ್ನ ಓಟವನ್ನು ಮುಗಿಸಿದೆ. ಅದಕ್ಕೆ ಹಣ ಕೊಟ್ಟವರಲ್ಲಿ ಹೆಚ್ಚಿನವರಿಗೆ ಅವರ ಅಸಲು ಮರಳಿದೆ. ಮುಖ್ಯ ಪಾತ್ರ ಮಾಡಿದ ನಮ್ಮ ಮೇಷ್ಟ್ರು ತಮ್ಮ ನಾಟಕ ತಂಡದ ತಾಲೀಮಿಗೆ ಮತ್ತೆ ಹೋಗತೊಡಗಿದ್ದಾರೆ. ಈ ಮೂರೂ ಆಗುವವರೆಗೆ ಕೃತಜ್ಞತೆಯ ಮಾತನ್ನು ಬರೆಯಬಾರದೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ; ಇಂದು ಬರೆಯುತ್ತಿದ್ದೇನೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದರ ಹಿಂದೆ ಒಂದು ಬತ್ತಿ, ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತವೇ ಮುಂದೆ ಬಂದು, ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ದರ ಕಟ್ಟಬೇಕಾಗಿ ಬಂದದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಕಥೆ ಆ ಬೇಸಿಗೆಯಲ್ಲಿ ನಡೆಯುತ್ತದೆ. ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತನಾಗಿ, ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿರುವ ಒಬ್ಬ ಮನುಷ್ಯ. ವಧೂವರರ ಜಾಲತಾಣದ ಮೂಲಕ ಅವನ ಬದುಕಿಗೆ ಬರುವ ಒಬ್ಬ ಹೆಂಗಸು. ಅವಳನ್ನು ಕಳುಹಿಸಿದವನು ಒಬ್ಬ ಸೈಟ್ ಬ್ರೋಕರ್. ಅವಳು ಬಂದಿರುವುದು ಮನೆಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು. ಆ ಮನೆ ಆಗಲೇ ಅಡಮಾನಕ್ಕೆ ಬಿದ್ದಿರುವುದನ್ನು ಅವನೂ ಅವಳಿಂದ ಮುಚ್ಚಿಟ್ಟಿದ್ದಾನೆ. ಹೀಗೆ ಒಬ್ಬರಿಗೊಬ್ಬರು ಮೋಸ ಮಾಡುತ್ತಲೇ ಅವರು ನಿಜವಾಗಿ ಪ್ರೀತಿಸತೊಡಗಿದ ಹೊತ್ತಿಗೆ ಬ್ರೋಕರ್ ಕಾಲು ಜಾರಿ ಅದೇ ಮನೆಯ ಸಂಪಿನಲ್ಲಿ ಬಿದ್ದು ಸಾಯುತ್ತಾನೆ. ಇಬ್ಬರಿಗೂ ಅದು ಗೊತ್ತು; ಇನ್ನೊಬ್ಬರಿಗೆ ಗೊತ್ತಿಲ್ಲವೆಂದು ಇಬ್ಬರೂ ನಂಬಿದ್ದಾರೆ. ಊರೆಲ್ಲ ನೀರಿಗಾಗಿ ಬಾಯಿ ಬಿಡುತ್ತಿರುವಾಗ ಬಂದ ಟ್ಯಾಂಕರನ್ನು ಬೇಡವೆಂದು ಹಿಂದೆ ಕಳುಹಿಸುವ ಮನೆ ಅದೊಂದೇ; ಅಕ್ಕಪಕ್ಕದವರು ಪಾಪ ಒಂಟಿ ಮುದುಕ ಎಂದು ತಮ್ಮ ಪಾಲಿನ ನೀರನ್ನೇ ಪೈಪು ಎಳೆದು ತರುತ್ತಾರೆ. ಪ್ರೇಕ್ಷಕರು ಆ ದೃಶ್ಯದಲ್ಲಿ ನಕ್ಕು, ನಗುವಿನ ನಡುವೆಯೇ ಸುಮ್ಮನಾದದ್ದನ್ನು ನಾನು ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದೇನೆ.

ಮನೆಯನ್ನು ಬಿಟ್ಟುಕೊಟ್ಟ ನಿವೃತ್ತ ಶಿಕ್ಷಕಿಗೆ, ರಾತ್ರಿಯ ಬೆಳಕನ್ನೂ ಗದ್ದಲವನ್ನೂ ಸಹಿಸಿಕೊಂಡು ಬೆಳಿಗ್ಗೆ ಕಾಫಿಯನ್ನೂ ಕಳುಹಿಸಿದ ಬಿ ಸೆಕ್ಟರಿನ ನೆರೆಹೊರೆಯವರಿಗೆ, ಕೂಲಿಗಿಂತ ಹೆಚ್ಚು ದುಡಿದ ಲೈಟ್ ವಿಭಾಗದವರಿಗೆ, ಬಾಡಿಗೆಗಾಗಿ ಕಾಯಲು ಒಪ್ಪಿದ ಕ್ಯಾಮೆರಾ ಮಾಲೀಕರಿಗೆ, ಸಂಕಲನಕಾರರಿಗೆ, ಪೋಸ್ಟರ್ ಬರೆದ ಗೆಳೆಯನಿಗೆ, ಮತ್ತು ತಿಂಗಳ ಸಂಬಳದಲ್ಲಿ ಉಳಿಸಿದ್ದನ್ನು ನಮ್ಮನ್ನು ನಂಬಿ ಕೊಟ್ಟ ಪ್ರತಿಯೊಬ್ಬರಿಗೆ ನನ್ನ ನಮಸ್ಕಾರ. 2013ರಲ್ಲಿ ‘ಲೂಸಿಯಾ’ ಪ್ರೇಕ್ಷಕರಿಂದಲೇ ಹಣ ಕೂಡಿಸಿಕೊಂಡು ತೆರೆಗೆ ಬಂದಾಗ ನಮ್ಮಲ್ಲಿ ಹಲವರು ಇನ್ನೂ ಓದುತ್ತಿದ್ದೆವು. ಕನ್ನಡದಲ್ಲಿ ಹೀಗೂ ಚಿತ್ರ ಮಾಡಬಹುದೆಂಬ ಧೈರ್ಯ ನಮಗೆ ಹುಟ್ಟಿದ್ದು ಆಗ.

ಇನ್ನು ನಾನು ಬರೆಯಬೇಕೆಂದು ಕುಳಿತದ್ದು ನಮ್ಮ ಶಬ್ದಗ್ರಾಹಕಿಯ ಬಗ್ಗೆ. ತಂಡದಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಇಲ್ಲಿ ತಮ್ಮ ಹೆಸರು ಹಾಕಬಾರದೆಂದು ಅವರು ಕೇಳಿಕೊಂಡಿರುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಕಡಿಮೆ ಹಣದ ಚಿತ್ರಗಳಲ್ಲಿ ಮೊದಲು ಕೈಬಿಡುವುದು ಶಬ್ದವನ್ನು. ಚಿತ್ರೀಕರಣದಲ್ಲಿ ಹೇಗೋ ಮಾತಿನ ಗುರುತಿಗಷ್ಟೇ ಒಂದು ಗೈಡ್ ಟ್ರ್ಯಾಕ್ ತೆಗೆದುಕೊಂಡು, ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿದರಾಯಿತು ಎನ್ನುವುದು ರೂಢಿ. ನಮಗೂ ಹಾಗೆ ಮಾಡಲು ಹಲವರು ಹೇಳಿದ್ದರು, ಏಕೆಂದರೆ ನಮಗೆ ಮನೆ ಸಿಕ್ಕಿದ್ದು 2025ರ ಜನವರಿ ಕೊನೆಯಿಂದ. ಫೆಬ್ರವರಿ 10ರಿಂದ 14ರವರೆಗೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ. ಅದರ ಅಭ್ಯಾಸದ ಹಾರಾಟ ಮುಂಚಿನಿಂದಲೇ ಶುರುವಾಗಿತ್ತು. ಅಕ್ಕ ಒಪ್ಪಲಿಲ್ಲ. ಸುಳ್ಳು ಹೇಳುವ ಮನುಷ್ಯ ಮಾತಿಗೆ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಈ ಕಥೆಯೆಲ್ಲ ಇದೆ, ಆ ಉಸಿರನ್ನು ಸ್ಟುಡಿಯೋದಲ್ಲಿ ನಿಂತು ಎರಡನೆಯ ಸಲ ಎಳೆದುಕೊಳ್ಳಲು ಯಾವ ನಟನಿಗೂ ಬರುವುದಿಲ್ಲ ಎಂದು ಅವರು ನನಗೆ ಹೇಳಿದರು. ಈ ಚಿತ್ರದ ಬಗ್ಗೆ ಯಾರೂ, ನಾನೂ ಸೇರಿ, ಅಷ್ಟು ಸರಿಯಾದ ಮಾತನ್ನು ಆಡಿರಲಿಲ್ಲ.

ತೇಜಸ್ ಅಥವಾ ಸೂರ್ಯಕಿರಣದ ವಿಮಾನಗಳು ನಮ್ಮ ಕಿವಿಗೆ ಬೀಳುವ ಮೊದಲೇ ಅಕ್ಕನ ಹೆಡ್‌ಫೋನಿಗೆ ಬೀಳುತ್ತಿದ್ದವು. ಕಣ್ಣು ಮುಚ್ಚಿ, ಬಲಗೈಯನ್ನು ಮೇಲೆತ್ತಿ ಅವರು ನಿಂತರೆ ಇಡೀ ಮನೆ ನಿಂತುಬಿಡುತ್ತಿತ್ತು. ಮೇಷ್ಟ್ರು ಕೈಯಲ್ಲಿ ಲೋಟ ಹಿಡಿದವರು ಹಿಡಿದಂತೆಯೇ ಇರುತ್ತಿದ್ದರು. ಸದ್ದು ಪೂರ್ತಿ ಕರಗಿದ ಮೇಲೆ ಕೈ ಇಳಿಯುತ್ತಿತ್ತು. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ಅಲುಗಾಡದಂತೆ ನಿಲ್ಲಿಸಿ, ಯಾರೂ ಮಾತಾಡದ ಆ ಕೋಣೆಯ ಸದ್ದನ್ನು, ನಾವು ರೂಮ್ ಟೋನ್ ಎನ್ನುವುದನ್ನು, ಬೇರೆಯಾಗಿ ದಾಖಲಿಸಿಕೊಳ್ಳುತ್ತಿದ್ದರು. ದಣಿದ ಹುಡುಗರು ಅದಕ್ಕೆ ಗೊಣಗಿದ್ದುಂಟು. (ಅದೇ ದಿನಗಳಲ್ಲಿ ಏರೋ ಇಂಡಿಯಾ ಕಾರಣಕ್ಕೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸ ಮಾರಾಟಕ್ಕೆ ನಿಷೇಧವಿದ್ದು, ಕಥೆಯ ಇಬ್ಬರೂ ಮೊದಲು ಭೇಟಿಯಾಗುವ ಕೋಳಿ ಅಂಗಡಿಯ ದೃಶ್ಯವನ್ನು ಮುಚ್ಚಿದ ಶಟರಿನ ಮುಂದೆ ಚಿತ್ರೀಕರಿಸಬೇಕಾಯಿತು. ಅಂಗಡಿ ತೆರೆದಿದ್ದರೆ ಆ ದೃಶ್ಯ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲವೆಂದು ಈಗ ನನಗೆ ಖಚಿತವಾಗಿದೆ.)

ಚಿತ್ರೀಕರಣದ ನಡುವೆ ಒಂದು ಸಂಜೆ ಮೇಷ್ಟ್ರು ಆಸ್ಪತ್ರೆ ಸೇರಬೇಕಾಯಿತು. ಅವರಿಗೆ ಏನಾಯಿತೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಉಳಿದ ಹಣ ಕೊಡುವೆನೆಂದು ಮಾತು ಕೊಟ್ಟಿದ್ದವರು ಕೈಬಿಟ್ಟದ್ದೂ ಅದೇ ದಿನ ಮಧ್ಯಾಹ್ನ. ರಾತ್ರಿ ಹತ್ತರ ಹೊತ್ತಿಗೆ ಆಸ್ಪತ್ರೆಗೆ ಬಂದಿದ್ದ ತಂಡದವರನ್ನೆಲ್ಲ ಅಕ್ಕನೇ ಮನೆಗೆ ಕಳುಹಿಸಿದರು. ಐಸಿಯು ಹೊರಗಿನ ಬೆಂಚಿನಲ್ಲಿ ಮೇಷ್ಟ್ರ ಹೆಂಡತಿ (ನಾವು ಅಮ್ಮ ಎನ್ನುವವರು), ಅಕ್ಕ, ನಾನು ಉಳಿದೆವು. ಅಮ್ಮ ಅಳಲಿಲ್ಲ, ಮಾತನಾಡಲಿಲ್ಲ, ಕೊಟ್ಟ ನೀರನ್ನು ಕುಡಿಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು, ಇಷ್ಟೇ. ಅವರ ಮುಖವನ್ನು ನೋಡುವ ಧೈರ್ಯ ನನಗೆ ಇರಲಿಲ್ಲ.

ನಡುರಾತ್ರಿ ದಾಟಿದ ಮೇಲೆ ಅಕ್ಕ ತಮ್ಮ ಚೀಲದಿಂದ ರೆಕಾರ್ಡರನ್ನು ತೆಗೆದು ಹೆಡ್‌ಫೋನನ್ನು ಅಮ್ಮನ ಕಿವಿಗೆ ಇಟ್ಟರು. ಅಂದು ಮೇಷ್ಟ್ರ ಅಂಗಿಯೊಳಗೆ ಸಿಕ್ಕಿಸಿದ್ದ ಸಣ್ಣ ಮೈಕು ಶಾಟ್‌ಗಳ ನಡುವೆಯೂ ಚಾಲೂ ಇತ್ತು. ಲೈಟ್ ಹುಡುಗನಿಗೆ ‘ಊಟ ಆಯ್ತೇನಪ್ಪಾ?’ ಎಂದು ಕೇಳಿದ್ದು, ಯಾವುದೋ ಹಳೆಯ ರಂಗಗೀತೆಯ ಒಂದೇ ಸಾಲನ್ನು ಗುನುಗಿದ್ದು, ಆಮೇಲೆ ಯಾರಿಗೋ ನಗುತ್ತ ‘ನಮ್ಮನೆಯವಳು ಇದನ್ನು ನೋಡಿದರೆ, ನಿಮಗಿಂತ ಆ ಬ್ರೋಕರೇ ವಾಸಿ ಅಂತಾಳೆ’ ಎಂದದ್ದು, ಎಲ್ಲವೂ ಅದರಲ್ಲಿತ್ತು. ಅಮ್ಮ ಮೊದಲು ನಕ್ಕರು. ಆಮೇಲೆ ಅತ್ತರು, ಆ ಸಂಜೆಯಿಂದ ಒಳಗೆ ಕಟ್ಟಿಕೊಂಡದ್ದೆಲ್ಲ ಹೊರಗೆ ಬರುವವರೆಗೆ ಅತ್ತರು. ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟು ಕುಳಿತಿದ್ದರು. ಬೆಳಗಿನ ಜಾವ ಡಾಕ್ಟರು ಹೊರಗೆ ಬರುವವರೆಗೂ ಅಮ್ಮ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು.

ಅದರ ನಡುವೆ ನಾನು ಅಕ್ಕನನ್ನು ಪಕ್ಕಕ್ಕೆ ಕರೆದು, ಚಿತ್ರವನ್ನು ಇಲ್ಲಿಗೆ ನಿಲ್ಲಿಸುತ್ತೇನೆ ಎಂದೆ. ಆ ಹೊತ್ತಿನಲ್ಲಿ ನನಗೆ ಚಿತ್ರ ಬೇಕಿರಲಿಲ್ಲ, ಚಿತ್ರವನ್ನು ಪ್ರೀತಿಸಿದ್ದ ನನ್ನ ಮೇಲೆಯೇ ಅಸಹ್ಯ ಹುಟ್ಟಿತ್ತು. ಅವರು ವಾದ ಮಾಡಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ‘ಅದನ್ನ ನಾಳೆ ಹೇಳಿ. ಈಗ ಡಾಕ್ಟರು ಏನು ಹೇಳ್ತಾರೋ ಅದನ್ನಷ್ಟೇ ಕೇಳೋಣ’ ಎಂದರು. ಜೀವನದಲ್ಲಿ ನನಗೆ ಸಲಹೆ ಕೊಟ್ಟವರು ಬಹಳ ಜನ. ಕುಸಿಯುತ್ತಿದ್ದ ನನ್ನನ್ನು ಒಂದು ರಾತ್ರಿಯ ಮಟ್ಟಿಗೆ ಹಿಡಿದು ನಿಲ್ಲಿಸಿದವರು ಅವರು.

ಮೇಷ್ಟ್ರು ಚೇತರಿಸಿಕೊಂಡು, ಡಾಕ್ಟರು ಒಪ್ಪಿ, ಮೇಷ್ಟ್ರೇ ಹಟ ಹಿಡಿದು ಉಳಿದ ದೃಶ್ಯಗಳಿಗೆ ಬಂದಾಗ ಮಳೆಗಾಲವಾಗಿತ್ತು. ಮಳೆ ನಿಂತ ಗಳಿಗೆ ನೋಡಿ ಚಿತ್ರೀಕರಿಸಿದರೂ ಕಪ್ಪೆ, ಚರಂಡಿಯ ನೀರು, ಸೂರಿನಿಂದ ತೊಟ್ಟಿಕ್ಕುವ ಹನಿ ಎಲ್ಲವೂ ಮೈಕಿನಲ್ಲಿ ಕೇಳಿಸುತ್ತಿತ್ತು, ಕಥೆಯಲ್ಲಿ ಮಾತ್ರ ಊರಿಗೆ ಹನಿ ನೀರಿಲ್ಲ. ಅಕ್ಕ ಆ ಸದ್ದುಗಳನ್ನು ಮಾತಿನ ನಡುವಿನಿಂದ ಒಂದೊಂದಾಗಿ ಕತ್ತರಿಸಿ ತೆಗೆದು, ಉಳಿದ ಜಾಗಗಳಲ್ಲಿ ಫೆಬ್ರವರಿಯಲ್ಲಿ ಹುಡುಗರು ಗೊಣಗಿಕೊಂಡು ನಿಂತಿದ್ದಾಗ ದಾಖಲಿಸಿದ್ದ ರೂಮ್ ಟೋನ್ ಹಾಸಿದರು. ಹೀಗಾಗಿ ತೆರೆಯ ಮೇಲೆ ಆ ಮನೆಯಲ್ಲಿ ಒಂದೇ ಬೇಸಿಗೆಯಿದೆ. ಆಕೆ ಕೊನೆಗೆ ನಿಜ ಹೇಳಲು ಬಾಯಿ ತೆರೆದಾಗ ವಿಮಾನ ಹಾದುಹೋಗಿ ಮಾತು ಮುಳುಗುತ್ತದಲ್ಲ, ಆ ಟೇಕನ್ನು ಇಟ್ಟುಕೊಳ್ಳೋಣವೆಂದು ಹೇಳಿದವರೂ ಅಕ್ಕನೇ. ಅದೊಂದು ಸಲ ಅವರು ಕೈಯೆತ್ತಿರಲಿಲ್ಲ. ಬಹಳ ಜನ ನನ್ನನ್ನು ಹೊಗಳಿರುವುದು ಆ ದೃಶ್ಯಕ್ಕೆ. ಆ ಹೊಗಳಿಕೆಯನ್ನು ನಾನು ಇಲ್ಲಿ, ಎಲ್ಲರ ಎದುರಿಗೆ, ಸಲ್ಲಬೇಕಾದವರಿಗೆ ಸಲ್ಲಿಸುತ್ತಿದ್ದೇನೆ.

ಮೇಷ್ಟ್ರಿಗೂ ಅಮ್ಮನಿಗೂ ಇಲ್ಲಿ ಧನ್ಯವಾದ ಬರೆದರೆ ಅದು ಸಣ್ಣದಾಗುತ್ತದೆ. ಅವರ ಮನೆಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿ ಬಂದಿದ್ದೇನೆ. ನಾಯಕಿಯ ಪಾತ್ರ ಮಾಡಿದ ಹಿರಿಯ ಕಲಾವಿದೆ, ಮೇಷ್ಟ್ರು ಬರುವವರೆಗೆ ಕಾಯುವೆನೆಂದು ಅಷ್ಟು ತಿಂಗಳು ಬೇರೆ ಕೆಲಸಗಳನ್ನು ಬಿಟ್ಟುಕೊಟ್ಟರು. ಆ ನಷ್ಟವನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ಗೊತ್ತಿದೆ. ಚಿತ್ರಕ್ಕೆ ಯುಎ 16+ ಪ್ರಮಾಣಪತ್ರ ಸಿಕ್ಕ ದಿನದಿಂದ ಕೊನೆಯ ಪ್ರದರ್ಶನದವರೆಗೆ ಪ್ರಚಾರಕ್ಕೆ ಬಿಡಿಗಾಸಿಲ್ಲದಿದ್ದಾಗ ಊರೂರಿನಲ್ಲಿ ಬಾಯಿಮಾತಿನಿಂದಲೇ ಜನರನ್ನು ಕರೆತಂದ ಪ್ರೇಕ್ಷಕರಿಗೆ ನಾನು ಋಣಿ.

ಹಣ ಕೊಟ್ಟವರಲ್ಲಿ ಕೆಲವರು ‘ಇರಲಿ ಬಿಡಿ, ವಾಪಸ್ ಬೇಡ’ ಎಂದು ಬ್ಯಾಂಕ್ ವಿವರ ಕಳುಹಿಸದೆ ಉಳಿದಿದ್ದೀರಿ. ನಿಮ್ಮ ದೊಡ್ಡ ಮನಸ್ಸು ನನಗೆ ಅರ್ಥವಾಗುತ್ತದೆ, ಆದರೂ ಈ ತಿಂಗಳ ಕೊನೆಯೊಳಗೆ ದಯವಿಟ್ಟು ಕಳುಹಿಸಿ. ನಿಮ್ಮ ಪಾಲನ್ನು ಬೇರೆಯಾಗಿ ಎತ್ತಿಟ್ಟಿದ್ದೇವೆ, ಅದನ್ನು ತಲುಪಿಸಿಯೇ ಲೆಕ್ಕದ ಪುಸ್ತಕವನ್ನು ಮುಚ್ಚುತ್ತೇವೆ.