ಸೈಕಲ್ ರಿಪೇರಿಯವರಿಗೆ ಒಂದು ಮೂಲೆ ಕೊಡಿ

ಮಾನ್ಯರೇ,

ನನ್ನದು ಅಪ್ಪ ಓಡಿಸುತ್ತಿದ್ದ ಹಳೇ ಅಟ್ಲಾಸ್ ಸೈಕಲ್. ಪಂಕ್ಚರ್ ಆದರೆ ಮನೆಯಲ್ಲೇ ಹಾಕಿಕೊಳ್ಳುತ್ತೇನೆ. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಲ್ಲಿ ಅದ್ದಿದರೆ ಗುಳ್ಳೆ ಏಳುತ್ತದೆ. ಅಲ್ಲಿ ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಅಂಟಂಟಾಗುವ ತನಕ ಕಾದು ಪ್ಯಾಚ್ ಒತ್ತಬೇಕು. ಅವಸರ ಮಾಡಿದರೆ ಕಿತ್ತು ಬರುತ್ತದೆ. ಟೈರಿನೊಳಗೆ ಬೆರಳಾಡಿಸಿ ಮುಳ್ಳು ತೆಗೆಯುವುದನ್ನು ಮಾತ್ರ ಮರೆಯಬಾರದು.

ಆದರೆ ಎಲ್ಲವೂ ನಮ್ಮ ಕೈಲಿ ಆಗುವುದಿಲ್ಲ. ಹೋದ ತಿಂಗಳು ಪೆಡಲ್ ತುಳಿದರೆ ಕಟಕಟ ಸದ್ದು. ಪೆಡಲಿನ ತೋಳನ್ನು ನಡುವಿನ ಆಕ್ಸಲ್‌ಗೆ ಬಿಗಿಹಿಡಿಯುವ ಕಾಟರ್ ಪಿನ್ ಸವೆದಿತ್ತು. ನಾನೇ ಸುತ್ತಿಗೆಯಲ್ಲಿ ಹೊಡೆದು ಅದರ ಥ್ರೆಡ್ ಹಾಳು ಮಾಡಿದೆ. ಬಸ್ ನಿಲ್ದಾಣದ ಬಳಿ ಮರದಡಿ ಕೂರುವ ಹಿರಿಯರೊಬ್ಬರು ಹೊಸ ಪಿನ್ನನ್ನು ಅರದಿಂದ ಉಜ್ಜಿ ಹತ್ತೇ ನಿಮಿಷದಲ್ಲಿ ಕೂರಿಸಿದರು. ವೀಲ್ ಬೆಂಡ್ ತೆಗೆಯುವಾಗಂತೂ ಅವರ ಕಣ್ಣು ರಿಮ್ ಬಿಟ್ಟು ಕದಲುವುದಿಲ್ಲ. ಆ ಕೆಲಸ ಸುಮ್ನೆ ನೋಡಿದರೆ ಬರುವುದಲ್ಲ.

ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿತು. ನಮ್ಮ ಬೀದಿಯಲ್ಲೇ ಅಂಥ ಮೂರು ಸೈಕಲ್ ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿವೆ. ಸಣ್ಣ ರಿಪೇರಿಯಷ್ಟೇ ಬೇಕು, ಅಲ್ವಾ? ಶಾಲೆಯಲ್ಲಿ ಒಂದು ಪೀರಿಯಡ್ ಪಂಕ್ಚರ್ ಹಾಕುವುದು ಕಲಿಸಿ. ಬಸ್ ನಿಲ್ದಾಣಗಳ ಬಳಿ ರಿಪೇರಿಯವರಿಗೆ ನೆರಳಿರುವ ಒಂದು ಮೂಲೆ ಬಿಟ್ಟುಕೊಡಿ.

— ಓದುಗ, ತಿಪಟೂರು