ಕೋವಿ ಕೊಳ್ಳುವ ಮುನ್ನ ನಳಿಗೆ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು ಎಲ್ಲವನ್ನೂ ನೋಡುವ ನಮ್ಮ ಮಲೆನಾಡಿನ ಬೆಳೆಗಾರರು ಕೋವಿ ಕೊಳ್ಳುವಾಗ ಮಾತ್ರ ಹಿಡಿಯ ಪಾಲಿಶ್ ನೋಡಿ ದುಡ್ಡು ಎಣಿಸುತ್ತಾರೆ. ಬೆಳೆ ರಕ್ಷಣೆಗೆಂದು ತಂದ ಕೋವಿ ಮೊದಲ ಮಳೆಗಾಲದಲ್ಲೇ ಕೈಕೊಡುತ್ತದೆ. ಒಂದು ನಳಿಗೆ ಹಾರುವುದಿಲ್ಲ, ಇನ್ನೊಂದರ ತೋಟಾ ಹೊರಗೆ ಬರುವುದಿಲ್ಲ. ಇದು ಬರೀ ದುಡ್ಡು ಹೋದ ಮಾತಲ್ಲ. ಕೆಟ್ಟ ಕೋವಿ ಹಂದಿಗಿಂತ ಮೊದಲು ಅದನ್ನು ಹಿಡಿದವನಿಗೇ ಅಪಾಯ ತರುತ್ತದೆ.

ಕೆಟ್ಟ ಪಂಪ್‌ಸೆಟ್ಟಾದರೆ ಸಿಕ್ಕ ಬೆಲೆಗೆ ಮಾರಿ ಬೇರೆ ತರಬಹುದು. ಕೋವಿಗೆ ಅಷ್ಟು ಸುಲಭದ ದಾರಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ, ಕೋವಿಯನ್ನು ಇನ್ನೊಬ್ಬ ಅರ್ಹರಿಗೆ ಮಾರಬೇಕಾದರೆ ಜಿಲ್ಲಾ ದಂಡಾಧಿಕಾರಿಗೆ ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ಬರೆದುಕೊಟ್ಟು 45 ದಿನ ಕಾಯಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರರು ಮೂರರ ಬದಲು ಎರಡೇ ಕೋವಿ ಇಟ್ಟುಕೊಳ್ಳಬಹುದು. ಅದರಲ್ಲಿ ಒಂದು ಕೆಲಸಕ್ಕೆ ಬಾರದ್ದಾದರೆ ಅರ್ಧ ಹಕ್ಕೇ ಹೋದಂತೆ. ರಿಪೇರಿಯನ್ನೂ ಲೈಸೆನ್ಸ್ ಇರುವವರೇ ಮಾಡಬೇಕು, ಊರ ಕುಲುಮೆಗೆ ಕೊಡುವಂತಿಲ್ಲ. ಆದ್ದರಿಂದ ನೋಡುವುದೇನಿದ್ದರೂ ಕೊಳ್ಳುವ ಮೊದಲೇ ನೋಡಬೇಕು.

ಹೆಚ್ಚು ಜನ ಮೋಸಹೋಗುವುದು ಹಳೆಯ ಜೋಡಿ ನಳಿಗೆಯ 12 ಬೋರ್ ಕೋವಿಯಲ್ಲಿ. ಇಂಗ್ಲೆಂಡಿನ ಹೆಸರು ಕೆತ್ತಿದೆ, ಅಜ್ಜನ ಕಾಲದ್ದು ಎಂದರೆ ಸಾಕು, ಬೆಲೆ ಏರುತ್ತದೆ. ಕೊಡಗಿನ ಕೈಲ್ ಮುಹೂರ್ತ ಹಬ್ಬದ ದಿನ ಹೂವಿಟ್ಟು ಪೂಜಿಸುವ ಮನೆತನದ ಕೋವಿಗಳಿಗೂ ಮುಂದಿನ ಮಾತು ಅನ್ವಯಿಸುತ್ತದೆ. ತೋಟಾ ಕೂರುವ ಗೂಡಿಗೆ, ಅಂದರೆ ಛೇಂಬರಿಗೆ, ಒಂದು ಉದ್ದವಿದೆ. ಆ ಕಾಲದ ಬಹಳಷ್ಟು ಇಂಗ್ಲಿಷ್ ಕೋವಿಗಳಲ್ಲಿ ಅದು ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್. ಈಗ ಸಾಮಾನ್ಯವಾಗಿ ಸಿಗುವ ತೋಟಾ 70 ಮಿಲಿಮೀಟರಿನದು. ತೊಂದರೆ ಏನೆಂದರೆ, ಈ ಉದ್ದದ ತೋಟಾ ಹಳೆಯ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಬರೆದ 70 ಎಂಬುದು ಹಾರಿದ ಮೇಲಿನ ಉದ್ದ. ಹಾರುವ ಮೊದಲು ತೋಟಾದ ಬಾಯಿ ಮಡಚಿಕೊಂಡಿರುವುದರಿಂದ ಅದು ಗಿಡ್ಡ. ಈಡು ಹಾರಿದಾಗ ಆ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ. ಗೂಡು ಕಿರಿದಾಗುತ್ತಾ ಹೋಗುವ ಜಾಗದಲ್ಲಿ ಆ ಅಂಚು ಅಡ್ಡ ನಿಂತು, ಚರೆಗೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳಿಗೆ, ಹೋಗುವ ದಾರಿ ಇಕ್ಕಟ್ಟಾಗಿ, ಒಳಗೆ ಒತ್ತಡ ಏರುತ್ತದೆ. ಒಂದೆರಡು ಈಡಿಗೆ ಏನೂ ಆಗಲಿಕ್ಕಿಲ್ಲ. ಹೆಗಲಿಗೆ ಒದೆತ ಜೋರಾಗಿ, ಕೀಲು ಸಡಿಲವಾಗುತ್ತಾ, ಒಂದು ದಿನ ನಳಿಗೆಯೇ ಬಿರುಕು ಬಿಡಬಹುದು.

ನಳಿಗೆಯನ್ನು ಬಿಚ್ಚಿ ಬುಡದ ಅಡಿಭಾಗ ನೋಡಿದರೆ ಅಲ್ಲಿ ಪರೀಕ್ಷೆಯ ಮುದ್ರೆ ಇರುತ್ತದೆ. 1954ರ ನಂತರದ ಬ್ರಿಟಿಷ್ ಕೋವಿಗಳಲ್ಲಿ ಗೂಡಿನ ಉದ್ದದ ಜೊತೆಗೆ ಎಷ್ಟು ಟನ್ ಒತ್ತಡಕ್ಕೆ ಪಾಸಾಗಿದೆ ಎಂದೂ ಒತ್ತಿರುತ್ತಾರೆ. ನೈಟ್ರೋ ಪ್ರೂಫ್, ಅಂದರೆ ಇಂದಿನ ಹೊಗೆರಹಿತ ಮದ್ದಿಗೆ ಪಾಸಾಗಿದೆ ಎಂಬ ಗುರುತು ಇಲ್ಲದ, ಮೈಮೇಲೆ ಹಾವಿನ ಪೊರೆಯಂಥ ಸುತ್ತುಸುತ್ತು ಚಿತ್ತಾರವಿರುವ ಡಮಾಸ್ಕಸ್ ನಳಿಗೆ ಕರಿಮದ್ದಿನ ಕಾಲದ್ದು. ಅದಕ್ಕೆ ಇಂದಿನ ತೋಟಾ ಹಾಕಲೇಬಾರದು. ಮುದ್ರೆಯನ್ನು ಉಜ್ಜಿ ಅಳಿಸಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟು ಬನ್ನಿ.

ಬಿಚ್ಚಿದ ಜೋಡಿ ನಳಿಗೆಯನ್ನು ಬುಡದ ಕೊಕ್ಕೆಯಲ್ಲಿ ಬೆರಳಿಗೆ ತೂಗುಹಾಕಿ, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದೇವರ ಮನೆಯ ಗಂಟೆಯ ಹಾಗೆ ನಾದ ಎಳೆದರೆ ಎರಡೂ ನಳಿಗೆಗಳನ್ನು ಬೆಸೆದ ಪಟ್ಟಿ ಗಟ್ಟಿ ಇದೆ. ಒಡಕು ಮಡಕೆಯಂತೆ ದಬ್ ಎಂದರೆ ಬೆಸುಗೆ ಬಿಟ್ಟಿದೆ, ಆ ಸಂದಿಗೆ ನೀರು ಇಳಿದು ಕಣ್ಣಿಗೆ ಕಾಣದ ಕಡೆ ತುಕ್ಕು ತಿನ್ನುತ್ತಿರುತ್ತದೆ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳಕಿನ ಉಂಗುರಗಳು ಒಂದರ ಹಿಂದೊಂದು ಗುಂಡಗೆ ಕಾಣಬೇಕು. ಎಲ್ಲಾದರೂ ಉಂಗುರ ಸೊಟ್ಟಗಾದರೆ ಅಲ್ಲಿ ತಗ್ಗು ಇಲ್ಲವೇ ಉಬ್ಬು ಇದೆ. ಗೋಡೆಗೆ ತೂಗುಹಾಕಿದ ಕೋವಿಯ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿದ್ದನ್ನು ನೋಡದೆ ಈಡು ಹೊಡೆದರೆ ಹೀಗೆ ಉಬ್ಬುತ್ತದೆ. ಉಬ್ಬಿದ ತುದಿಯನ್ನು ಗರಗಸದಿಂದ ಕೊಯ್ದು ಮಾರುವವರೂ ಇದ್ದಾರೆ. ಅನುಮತಿ ಇಲ್ಲದೆ ನಳಿಗೆ ಮೊಟಕು ಮಾಡುವುದು ಅದೇ ಕಾಯ್ದೆಯ 6ನೇ ಕಲಮಿನಡಿ ಅಪರಾಧ. ಜೊತೆಗೆ ಬಾಯಿಯ ಹತ್ತಿರದ ಕಿರಿದಾದ ಚೋಕ್ ಹೋಗಿಬಿಡುವುದರಿಂದ ಚರೆ ಹರಡಿಹೋಗುತ್ತದೆ.

ಹೊಸ ಕೋವಿಯಾದರೆ ಇದ್ಯಾವ ತಲೆನೋವೂ ಇಲ್ಲ ಎಂದುಕೊಳ್ಳಬೇಡಿ. ಅಗ್ಗದ ಕೋವಿಗಳಲ್ಲಿ ಕೆಡುವುದು ಒಳಗಿನ ಸಣ್ಣ ಭಾಗಗಳು. ಹದ ಸರಿಯಿಲ್ಲದ ಉಕ್ಕಿನ ಸ್ಪ್ರಿಂಗ್ ಬೇಗ ಸೋಲುತ್ತದೆ, ತೋಟಾಕ್ಕೆ ಬಡಿಯುವ ಪಿನ್ನಿನ ಮೂತಿ ಮೊಂಡಾಗುತ್ತದೆ. ಹಾರದ ತೋಟಾವನ್ನು ಎಲ್ಲರೂ ಬೈಯುತ್ತಾರೆ, ಅದರ ಹಿಂಬದಿ ನೋಡುವವರು ಕಡಿಮೆ. ಅಲ್ಲಿ ಕಿಡಿ ಹೊತ್ತಿಸುವ ಕೇಪಿನ ನಡುವೆ ಆಳವಾದ ಗುಳಿ ಬಿದ್ದೂ ಹಾರದಿದ್ದರೆ ತೋಟಾ ಥಂಡಿ ಹಿಡಿದಿರಬೇಕು. ಗುಳಿ ಆಳವಿಲ್ಲದಿದ್ದರೆ, ಇಲ್ಲವೇ ಪಕ್ಕಕ್ಕೆ ಬಿದ್ದಿದ್ದರೆ ತಪ್ಪು ಕೋವಿಯದು. ಎರಡರಲ್ಲಿ ಯಾವುದಾದರೂ ಸರಿ, ಹಾರಲಿಲ್ಲವೆಂದು ಕೂಡಲೇ ಕೋವಿ ತೆರೆಯಬಾರದು. ಬಾಯಿಯನ್ನು ಜನ, ದನ ಇಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಕಾಯಬೇಕು, ತಡವಾಗಿ ಹಾರುವ ಈಡೂ ಉಂಟು.

ಇನ್ನೂ ಭಯದ ದೋಷವೊಂದಿದೆ, ಒಂದು ಟ್ರಿಗರ್ ಎಳೆದರೆ ಎರಡೂ ನಳಿಗೆ ಹಾರುವುದು. ಕುದುರೆಯನ್ನು, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆಯನ್ನು, ಹಿಡಿದಿಡುವ ಕೊಂಡಿಯ ಅಂಚು ಸವೆದಿದ್ದರೆ ಮೊದಲ ಈಡಿನ ಒದೆತಕ್ಕೇ ಎರಡನೆಯ ಕುದುರೆ ಜಾರುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಎರಡೂ ನಳಿಗೆ ಖಾಲಿ ಎಂದು ಕಣ್ಣಾರೆ ನೋಡಿ, ಡಮ್ಮಿ ತೋಟಾ ಹಾಕಿ, ಮುಂದಿನ ಟ್ರಿಗರ್ ಎಳೆಯಿರಿ. ಆಮೇಲೆ ಕೋವಿಯ ಹಿಂಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಗುದ್ದಿ, ಹಿಂದಿನ ಟ್ರಿಗರ್ ಎಳೆಯಿರಿ. ಟಕ್ ಎಂದು ಕೇಳಿಸದಿದ್ದರೆ ಆ ಕುದುರೆ ಆಗಲೇ ಬಿದ್ದಾಗಿದೆ. ಸೇಫ್ಟಿಯನ್ನೂ ಪೂರ್ತಿ ನಂಬಬೇಡಿ. ಬಹಳಷ್ಟು ಕೋವಿಗಳಲ್ಲಿ ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಕುದುರೆಯನ್ನಲ್ಲ. ಬೇಲಿ ದಾಟುವಾಗ ಕೈತಪ್ಪಿ ಬಿದ್ದರೆ ಸೇಫ್ಟಿ ಹಾಕಿದ್ದ ಕೋವಿಯೂ ಹಾರಬಹುದು. ತೋಟಾ ತೆಗೆದೇ ಬೇಲಿ ದಾಟಬೇಕು.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಅಗ್ಗ, ಆದರೆ ಮಳೆನಾಡಿಗೆ ಹೇಳಿ ಮಾಡಿಸಿದ್ದಲ್ಲ. ಕರಿಮದ್ದು ಉರಿದು ಉಳಿಯುವ ಮಸಿ ಗಾಳಿಯ ತೇವ ಹೀರುತ್ತದೆ, ಒಂದೇ ರಾತ್ರಿಯಲ್ಲಿ ನಳಿಗೆ ಕೆಂಪಾಗುತ್ತದೆ. ಅದರಲ್ಲಿರುವುದು ಲವಣ. ಎಣ್ಣೆ ಬಟ್ಟೆಗೆ ಅದು ಕರಗುವುದಿಲ್ಲ, ಬಿಸಿನೀರೇ ಬೇಕು. ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಹೆಚ್ಚು ಎಣ್ಣೆ ಹಚ್ಚಿಟ್ಟರೆ ಅದು ಕೇಪು ಕೂರುವ ನಿಪ್ಪಲ್ಲಿನ ತೂತಿಗೆ ಇಳಿದು ಮುಂದಿನ ಸಲ ಕೇಪು ಸಿಡಿದರೂ ಮದ್ದಿಗೆ ಬೆಂಕಿ ತಾಗುವುದಿಲ್ಲ. ತೋಟಾ ಒಡೆದು ಅದರ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ತುಂಬುವುದಂತೂ ಕೈ, ಕಣ್ಣು ಕಳೆದುಕೊಳ್ಳುವ ಕೆಲಸ. ಆ ನಳಿಗೆ ಅಷ್ಟು ಒತ್ತಡ ತಾಳುವುದಿಲ್ಲ.

ಪೇಟೆಯವರು ಆತ್ಮರಕ್ಷಣೆಗೆ ಕೊಳ್ಳುವ .32 ಪಿಸ್ತೂಲಿನ ಬಗ್ಗೆ ಒಂದೇ ಮಾತು. .32 ಎಸಿಪಿ ತೋಟಾದ ಬುಡದಲ್ಲಿ ಸಣ್ಣ ಅಂಚು ಇದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಎರಡೂ ಬೀಗ ಬಿದ್ದಂತೆ ನಿಂತುಬಿಡುತ್ತವೆ. ತುಂಬುವಾಗ ಪ್ರತಿ ತೋಟಾದ ಅಂಚು ಕೆಳಗಿನದರ ಮುಂದೆ ಇರುವಂತೆ ನೋಡಿಕೊಳ್ಳಬೇಕು.

ಈಗ ಅಧಿಕಾರಿಗಳಲ್ಲಿ ಕೇಳಿಕೆ. ಪ್ರತಿ ಜಿಲ್ಲೆಯ ಸಶಸ್ತ್ರ ಮೀಸಲು ಪಡೆಯಲ್ಲಿ ಕೋವಿ ನೋಡಿಕೊಳ್ಳುವ ಆರ್ಮರರ್ ಇರುತ್ತಾರೆ. ಹಳೆಯ ಕೋವಿಯನ್ನು ಹೊಸ ಲೈಸೆನ್ಸಿಗೆ ಏರಿಸುವ ಮುನ್ನ ಅವರಿಂದ ಒಮ್ಮೆ ಪರೀಕ್ಷೆ ಮಾಡಿಸಿ, ಗೂಡಿನ ಉದ್ದ, ಕೀಲಿನ ಸಡಿಲ, ಟ್ರಿಗರ್ ಮತ್ತು ಸೇಫ್ಟಿಯ ಸ್ಥಿತಿ ಬರೆದುಕೊಡುವ ವ್ಯವಸ್ಥೆ ಆಗಬೇಕು. ಅಂಗಡಿಯವರು ಬಿಲ್ಲಿನಲ್ಲೇ 65 ಅಥವಾ 70 ಎಂದು ನಮೂದಿಸಬೇಕು. ಇನ್ನೊಂದು ಮಾತು ಚುನಾವಣೆಯದು. ಆಗ ಠಾಣೆಗೆ ಒಪ್ಪಿಸಿದ ಕೋವಿಗಳು ರೆಕ್ಸಿನ್ ಚೀಲದಲ್ಲೇ ವಾರಗಟ್ಟಲೆ ಬೆವತು, ಒಳ್ಳೆಯ ಕೋವಿಯೂ ಕೆಟ್ಟದ್ದಾಗಿ ಮನೆಗೆ ಮರಳುತ್ತದೆ. ಚೀಲ ತೆಗೆದು, ಬಾಯಿ ಕೆಳಗೆ ಮಾಡಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಎಣ್ಣೆ ಹಿಡಿಯ ಮರಕ್ಕೆ ಇಳಿಯುವುದಿಲ್ಲ, ಗಾಳಿಯೂ ಆಡುತ್ತದೆ. ಒಪ್ಪಿಸಿಕೊಳ್ಳುವಾಗ ಕೊಡುವ ರಸೀದಿಯಲ್ಲಿ ಕೋವಿಯ ನಂಬರಿನ ಜೊತೆಗೆ ನಳಿಗೆಯ ಒಳಗೆ ತುಕ್ಕು ಇದೆಯೋ ಇಲ್ಲವೋ ಎಂದು ಒಂದು ಸಾಲು ಬರೆಯಲಿ.

ಇಂತಿ,
ಬೆಳೆಗಾರ ಓದುಗರು, ಮೂಡಿಗೆರೆ ತಾಲ್ಲೂಕು