ಶಾಂತಿ ಸಭೆ ಸಾಕು, ಎಫ್‌ಐಆರ್ ಬೇಕು: ನಮ್ಮ ಗಲ್ಲಿಯ ಏಳನೇ ಮನವಿ

ಗೆ,
ಮಾನ್ಯ ಸೀನಿಯರ್ ಪೊಲೀಸ್ ಇನ್‌ಸ್ಪೆಕ್ಟರ್ ಅವರು, ನಮ್ಮ ಠಾಣೆ
ಮಾನ್ಯ ಸಹಾಯಕ ಆಯುಕ್ತರು, ನಮ್ಮ ವಾರ್ಡ್ ಕಚೇರಿ
ಮುಂಬೈ

ಇಂದ: ಬೇಕರಿ ಗಲ್ಲಿಯ 63 ಮನೆಗಳವರು

ವಿಷಯ: ಹೋಳಿಯ ನಂತರದ ಭಾನುವಾರ ನಮ್ಮ ಗಲ್ಲಿಯಲ್ಲಿ ನಡೆದ ಕಲ್ಲುತೂರಾಟ, ಲೂಟಿ ಮತ್ತು ಬೆಂಕಿಯ ಕೇಸನ್ನು ಸರಿಯಾಗಿ ದಾಖಲಿಸಿ ತನಿಖೆ ಮಾಡುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ಇದು ನಮ್ಮ ಏಳನೇ ಕಾಗದ. ನಾಲ್ಕನ್ನು ಮರಾಠಿಯಲ್ಲಿ ಬರೆದೆವು, ಎರಡನ್ನು ಇಂಗ್ಲಿಷಿನಲ್ಲಿ. ಯಾವುದಕ್ಕೂ ಉತ್ತರ ಬಂದಿಲ್ಲ. ಈ ಸಲ ನಮಗೆ ಸಲೀಸಾಗಿ ಬರುವ ಕನ್ನಡದಲ್ಲೇ ಬರೆದು, ಮರಾಠಿ ಅನುವಾದವನ್ನು ಪಿನ್ ಮಾಡಿದ್ದೇವೆ. ಓದದ ಕಾಗದ ಯಾವ ಭಾಷೆಯಲ್ಲಿದ್ದರೇನು? ಕನ್ನಡದಲ್ಲಿದ್ದರೆ ನಮ್ಮ ಗಲ್ಲಿಯವರಾದರೂ ಓದಿ ಸಹಿ ಹಾಕುತ್ತಾರೆ.

ಗಲ್ಲಿ ನಿಮಗೆ ಗೊತ್ತಿರುವುದೇ. ಬಾಯಲ್ಲಿ ಬಂಟರ ಹೋಟೆಲು, ಅದರಾಚೆ ಎರಡು ಅಂಗಡಿ ಬಿಟ್ಟು ಬ್ಯಾರಿಗಳ ಬೇಕರಿ, ತಿರುವಿನಲ್ಲಿ ಕ್ರೂಜು (ಕ್ರಿಶ್ಚಿಯನ್ನರ ಶಿಲುಬೆ), ಒಳಗೆ ಚಿಕ್ಕ ಮಸೀದಿ, ಕೊನೆಯಲ್ಲಿ ಶನಿ ದೇವಸ್ಥಾನ. ಹಿಂದಿನ ಸಾಲಿನಲ್ಲಿ ಕಲಬುರಗಿ, ಯಾದಗಿರಿಯಿಂದ ಬಂದ ಗಾರೆ ಕೆಲಸದವರು. ಉಡುಪಿ ಕಡೆಯ ಕ್ರಿಶ್ಚಿಯನ್ ಮನೆ ಐದು. ಮರಾಠಿಯವರು ಮೊದಲಿನಿಂದ ಇದ್ದಾರೆ. ನಮ್ಮಲ್ಲಿ ಜಗಳವೇ ಇಲ್ಲ ಎಂದು ಬರೆದರೆ ಅದು ಸುಳ್ಳು. ನಳದ ನೀರಿಗೆ ಜಗಳ ಇದೆ, ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸುವುದಕ್ಕೆ ಜಗಳ ಇದೆ, ಗಣಪತಿ ವರ್ಗಣಿಗೂ (ಚಂದಾ) ಇದೆ. ಅದಕ್ಕೆ ಯಾರೂ ಇದುವರೆಗೆ ರಿಕ್ಷಾ ಸುಟ್ಟಿರಲಿಲ್ಲ.

ಆ ಭಾನುವಾರ ಸಂಜೆ, ಮಗ್ರಿಬ್ ನಮಾಜಿನ ಹೊತ್ತಿಗೆ ಸರಿಯಾಗಿ ಬೈಕ್ ರ‍್ಯಾಲಿ ಒಳಗೆ ಬಂತು. ಟೆಂಪೋ ಮೇಲೆ ಡಿಜೆ. ಮಸೀದಿ ಎದುರು ನಿಂತರು, ಇಪ್ಪತ್ತು ನಿಮಿಷ ಕದಲಲಿಲ್ಲ. ಮೈಕಿನಲ್ಲಿ ಹೇಳಿದ ಮಾತನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ, ವಿಡಿಯೋ ಪೆನ್‌ಡ್ರೈವ್‌ನಲ್ಲಿ ಇದೆ. (ಮೂರನೇ ಪೆನ್‌ಡ್ರೈವ್ ಇದು. ಹಿಂದಿನ ಎರಡು ನಿಮ್ಮಲ್ಲಿ ಎಲ್ಲಿ ಹೋದವೋ ದೇವರಿಗೇ ಗೊತ್ತು.) ಆಮೇಲೆ ಕಲ್ಲು ಬಂತು. ಮೊದಲ ಕಲ್ಲು ಯಾವ ಕಡೆಯದು ಎಂದು ನೀವು ಎಲ್ಲರನ್ನೂ ಕೇಳುತ್ತಿದ್ದೀರಿ. ನಾವು ಒಂದನ್ನೂ ಮುಚ್ಚಿಟ್ಟಿಲ್ಲ. ನಮ್ಮ ಗಲ್ಲಿಯ ಇಬ್ಬರು ಹುಡುಗರು ಟೆರೇಸಿನಿಂದ ಕಲ್ಲು ಎಸೆದರು. ಅವರ ಹೆಸರನ್ನು ಅವರ ಅಪ್ಪಂದಿರೇ ಠಾಣೆಗೆ ಬಂದು ಕೊಟ್ಟರು. ಅದೇ ವಿಡಿಯೋದಲ್ಲಿ ಮುಖ ಕಾಣುವ, ಬೈಕ್ ನಂಬರ್ ಕಾಣುವ ಹೊರಗಿನವರ ಹೆಸರು ಮಾತ್ರ ಇವತ್ತಿಗೂ ನಿಮ್ಮ ಕಾಗದದಲ್ಲಿ "ಅಜ್ಞಾತ ಜಮಾವು", ಅಂದರೆ ಗುರುತಿಲ್ಲದ ಗುಂಪು. ಹನ್ನೊಂದು ನಂಬರ್ ಪ್ಲೇಟು ಬರೆದು ಕೊಟ್ಟಿದ್ದೇವೆ. ನಂಬರ್ ಇರುವ ಬೈಕು ಅಜ್ಞಾತ ಹೇಗಾಗುತ್ತದೆ?

ಬೇಕರಿಯ ಗಲ್ಲೆ (ಹಣದ ಪೆಟ್ಟಿಗೆ) ಒಡೆದರು, ಒಲೆಗೆ ನೀರು ಸುರಿದರು. ಗಾರೆ ಕೆಲಸದವನೊಬ್ಬ ಸಾಲ ಮಾಡಿ ತಗೊಂಡ ರಿಕ್ಷಾ ಸುಟ್ಟಿತು, ಅವನು ಹಿಂದೂ. ಕ್ರೂಜಿನ ಗಾಜು ಪುಡಿಯಾಯಿತು, ಅದು ಯಾರಿಗೆ ಏನು ಮಾಡಿತ್ತೋ. ಹೋಟೆಲಿನ ಕ್ಲೀನರ್ ಹುಡುಗನ ಹುಬ್ಬಿಗೆ ಆರು ಹೊಲಿಗೆ. ನಾವು 112ಕ್ಕೆ ಒಂಬತ್ತು ಸಲ ಫೋನ್ ಮಾಡಿದೆವು. ಠಾಣೆ ನಡೆದರೆ ಏಳು ನಿಮಿಷ. ಗಾಡಿ ಬಂದದ್ದು ನಲವತ್ತು ನಿಮಿಷಕ್ಕೆ.

ಈಗ ಕಾಗದಗಳ ಕಥೆ.

ಮೊದಲನೆಯದನ್ನು ಕೊಟ್ಟಿದ್ದು ರ‍್ಯಾಲಿಗೆ ಹನ್ನೆರಡು ದಿನ ಮುಂಚೆ. ಹೌದು, ಮುಂಚೆ. ವಾಟ್ಸಾಪಿನಲ್ಲಿ ದಿನ, ಹೊತ್ತು, ದಾರಿ ಎಲ್ಲ ಬಂದಿತ್ತು. ದಾರಿ ಬದಲಿಸಿ, ಇಲ್ಲವಾದರೆ ನಾಲ್ಕು ಜನರನ್ನು ನಿಲ್ಲಿಸಿ ಎಂದು ಕೇಳಿದೆವು. ಡ್ಯೂಟಿಯಲ್ಲಿದ್ದವರು ಓದಿ, "ಏನೂ ಆಗಲ್ಲ, ಸುಮ್ನೆ ಹೆದರಬೇಡಿ" ಎಂದರು. ಎರಡನೆಯದನ್ನು ಗಲಾಟೆಯಾದ ರಾತ್ರಿಯೇ ಕೊಡಲು ಹೋದೆವು. ಸಾಹೇಬರು ಬಂದೋಬಸ್ತಿನಲ್ಲಿದ್ದಾರೆ, "ಉದ್ಯಾ ಯಾ" (ನಾಳೆ ಬನ್ನಿ). ಮರುದಿನ ಹೋದರೆ ಮತ್ತೆ ಉದ್ಯಾ. ಐದನೇ ದಿನ ದೂರು ಬರೆದುಕೊಂಡರು. ಲೂಟಿ ಎಂದು ನಾವು ಹೇಳಿದ್ದು ಕಾಗದಕ್ಕೆ ಇಳಿಯುವಾಗ "ಸಾಮಾನು ಅಸ್ತವ್ಯಸ್ತ" ಆಯಿತು. ಮೈಕಿನ ಮಾತು ಬರಲೇ ಇಲ್ಲ. ಅದನ್ನು ಸೇರಿಸಿ ಎಂದು ಕೊಟ್ಟದ್ದು ಮೂರನೇ ಕಾಗದ. ಅದಕ್ಕೆ ಪೋಚ್ (ಸ್ವೀಕೃತಿ) ಕೂಡ ಕೊಡಲಿಲ್ಲ, ಸಿಕ್ಕಾ (ಠಾಣೆಯ ಮೊಹರು) ಬೀರುವಿನಲ್ಲಿದೆ, ಬೀಗದ ಕೈ ರಜೆಯಲ್ಲಿದೆ ಎಂದರು. ನಾಲ್ಕನೆಯದು ಮೇಲಿನ ಅಧಿಕಾರಿಗೆ. ಅಲ್ಲಿಂದ ಅದು "ಮುಂದಿನ ಕ್ರಮಕ್ಕಾಗಿ" ತಿರುಗಿ ನಿಮ್ಮ ಠಾಣೆಗೇ ಬಂತು. ಐದನೆಯದು ವಾರ್ಡ್ ಕಚೇರಿಗೆ, ಅದರ ಕಥೆ ಕೆಳಗೆ. ಆರನೆಯದನ್ನು ಸರ್ಕಾರದ ಪೋರ್ಟಲಿನಲ್ಲಿ ಹಾಕಿದೆವು. ಮೂರು ವಾರಕ್ಕೆ ಮೆಸೇಜ್ ಬಂತು: "ನಿಮ್ಮ ದೂರು ಪರಿಹಾರವಾಗಿದೆ." ಪರಿಹಾರ ಆದದ್ದು ದೂರು ಕೊಟ್ಟವರಿಗೇ ಗೊತ್ತಿಲ್ಲ.

ಈ ಮಧ್ಯೆ ನೀವು ಮಾಡಿದ ಕೆಲಸ ಎರಡು. ಒಂದು, ಎರಡೂ ಧರ್ಮದ ಹತ್ತು ಹತ್ತು ಹುಡುಗರನ್ನು ಎಣಿಸಿ, ಮುಂದೆ ಗಲಾಟೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಳ್ಳುವ ಚಾಪ್ಟರ್ ಕೇಸ್ ಹಾಕಿದಿರಿ. ಸಮಾನತೆ ಅಂತೆ. ಆ ಇಪ್ಪತ್ತರಲ್ಲಿ ಒಬ್ಬ ಅವತ್ತು ಪುಣೆಯಲ್ಲಿ ಪರೀಕ್ಷೆ ಬರೆಯುತ್ತಿದ್ದ, ಇನ್ನೊಬ್ಬ ಹೋಟೆಲ್ ಹುಡುಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು. ಎರಡು, ಶಾಂತಿ ಸಭೆ. ಮೂರು ಸಲ ಆಯಿತು. ಚಹಾ, ಬಿಸ್ಕತ್ತು, ಫೋಟೋ. ಸಭೆಯಲ್ಲಿ ಮುಂದೆ ಕೂತವರು ಬ್ಯಾನರಿನಲ್ಲಿ ಮುಖ ಇರುವವರು. ಅಂಗಡಿ ಕಳಕೊಂಡವನು ಹಿಂದೆ ಬಾಗಿಲ ಹತ್ತಿರ ನಿಂತಿದ್ದ. "ಆದದ್ದು ಆಯಿತು, ಅಣ್ಣ ತಮ್ಮಂದಿರ ಹಾಗೆ ಇರಿ" ಎಂದಿರಿ. ನಾವು ಹಾಗೇ ಇದ್ದೇವೆ ಸ್ವಾಮಿ. ಆ ರಾತ್ರಿ ಬೇಕರಿಯವರ ಮನೆ ಹೆಂಗಸರು ಮಲಗಿದ್ದು ಶನಿ ದೇವಸ್ಥಾನದ ಭಟ್ಟರ ಮನೆಯಲ್ಲಿ. ನಮಗೆ ಉಪದೇಶ ಬೇಕಿರಲಿಲ್ಲ, ಎಫ್‌ಐಆರ್ ಬೇಕಿತ್ತು.

ಕಾನೂನು ನಿಮಗೆ ಹೇಳಿಕೊಡುವಷ್ಟು ದೊಡ್ಡವರಲ್ಲ ನಾವು. ಆದರೂ ಓದಿಕೊಂಡು ಬಂದಿದ್ದೇವೆ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದೆ. ದ್ವೇಷದ ಭಾಷಣಕ್ಕೆ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಕೇಸ್ ಹಾಕಬೇಕು, ಮಾತಾಡಿದವರ ಧರ್ಮ ನೋಡಬಾರದು, ತಡ ಮಾಡಿದರೆ ನ್ಯಾಯಾಂಗ ನಿಂದನೆ ಎಂದು 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ನಾವು ದೂರು ಕೊಟ್ಟೂ ಕೇಸಿಲ್ಲ. ಮೆರವಣಿಗೆ ನಮ್ಮ ಧಾರ್ಮಿಕ ಹಕ್ಕು ಎಂದು ರ‍್ಯಾಲಿಯವರು ಹೇಳುತ್ತಾರೆ. ಇರಲಿ. ಆ ಹಕ್ಕು ಕೊಡುವ ಸಂವಿಧಾನದ 25ನೇ ವಿಧಿ ಶುರುವಾಗುವುದೇ ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟು ಎಂದು. ಆ ಸುವ್ಯವಸ್ಥೆ ನೋಡುವುದು ಬೇಕರಿಯವನ ಕೆಲಸವಾ, ನಿಮ್ಮದಾ?

ಇಷ್ಟು ಸಿಟ್ಟು ಯಾಕೆ ಎಂದು ಕೇಳಬಹುದು. ಈ ಕಾಗದ ಬರೆಯುತ್ತಿರುವ ನಾನು 1993ರ ಜನವರಿಯ ಹಿಂದೂ-ಮುಸ್ಲಿಂ ಗಲಭೆಯ ಹೊತ್ತಿಗೆ ಇದೇ ಹೋಟೆಲಿನಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗ. ನಾಲ್ಕು ದಿನ ಶಟರ್ ಎಳೆದು ಹತ್ತೊಂಬತ್ತು ಜನ ಒಳಗಿದ್ದೆವು, ಅದರಲ್ಲಿ ಇಬ್ಬರು ಬ್ಯಾರಿ ಹುಡುಗರು. ಅವರನ್ನು ಹಿಟ್ಟಿನ ಚೀಲದ ಹಿಂದೆ ಕೂರಿಸಿದ್ದೆವು. ಹೊರಗೆ ಕೂಗಾಟ ಕೇಳಿದಾಗಲೆಲ್ಲ ಮಾಲೀಕರು ಸ್ಟವ್ ಆರಿಸುತ್ತಿದ್ದರು. ಪೊಲೀಸ್ ಗಾಡಿ ಒಮ್ಮೆ ಬಂತು, ನಿಲ್ಲದೆ ಹೋಯಿತು.

1992ರ ಡಿಸೆಂಬರ್, 1993ರ ಜನವರಿ, ಆ ಎರಡು ತಿಂಗಳ ಗಲಭೆಯಲ್ಲಿ ಈ ಊರಿನಲ್ಲಿ 900 ಜನ ಸತ್ತರು. ಅದರ ತನಿಖೆಗೆ ಶ್ರೀಕೃಷ್ಣ ಆಯೋಗ ಕೂತಿತು. 1996ರಲ್ಲಿ ಸರ್ಕಾರ ಅದನ್ನೇ ಬರ್ಖಾಸ್ತು ಮಾಡಿ, ಕೆಲವೇ ತಿಂಗಳಲ್ಲಿ ಮತ್ತೆ ಎಬ್ಬಿಸಿತು. 1998ರಲ್ಲಿ ವರದಿ ಬಂತು, 31 ಪೊಲೀಸರ ಹೆಸರು ಅದರಲ್ಲಿತ್ತು. ಸಾವಿರಕ್ಕೂ ಜಾಸ್ತಿ ಕೇಸುಗಳನ್ನು ಅಷ್ಟರಲ್ಲಿ "ಎ ಸಮರಿ" ಎಂದು ಮುಚ್ಚಿಯಾಗಿತ್ತು. ಅಂದರೆ, ನಡೆದದ್ದು ನಿಜ, ಮಾಡಿದವರು ಸಿಕ್ಕಿಲ್ಲ. ಕೊನೆಗೆ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಜನರನ್ನು ಕಾಪಾಡಲು ಸರ್ಕಾರ ಸೋತಿತು ಎಂದು ಬಾಯಿಬಿಟ್ಟು ಹೇಳಿತು. ಕಾಣೆಯಾದ 168 ಜನರಲ್ಲಿ 60 ಮನೆಗಳಿಗೆ ಮಾತ್ರ ಪರಿಹಾರ ಸಿಕ್ಕಿದೆ, ಉಳಿದವರನ್ನು ಹುಡುಕಿ 2 ಲಕ್ಷ ರೂಪಾಯಿ, 1999ರಿಂದ ಶೇಕಡಾ 9 ಬಡ್ಡಿ ಸೇರಿಸಿ ಕೊಡಿ ಎಂದಿತು. ಮೂವತ್ತು ವರ್ಷದ ನಂತರ! ಅದೇ 1993ರ ಮಾರ್ಚ್ 12ರ ಬಾಂಬ್ ಸ್ಫೋಟದಲ್ಲಿ 257 ಜನ ಸತ್ತರು. ಆ ಕೇಸನ್ನು ಸರ್ಕಾರ ಕೊನೆವರೆಗೆ ನಡೆಸಿತು, ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು 100 ಜನರನ್ನು ಅಪರಾಧಿಗಳು ಎಂದಿತು. ಒಳ್ಳೆಯದೇ ಆಯಿತು. ಮನಸ್ಸು ಮಾಡಿದರೆ ಕೇಸ್ ನಡೆಸಲು ನಿಮಗೆ ಬರುತ್ತದೆ ಎಂದು ನಮಗೆ ಗೊತ್ತಾದದ್ದೇ ಅದರಿಂದ. ನಮ್ಮ ಗಲ್ಲಿಯ ದೂರಿಗೂ ಎ ಸಮರಿಯದೇ ಗತಿ ಎಂದು ಠಾಣೆಯವರೇ ಒಬ್ಬರು ಕಿವಿಯಲ್ಲಿ ಹೇಳಿದ್ದಾರೆ.

ಮೊಹಲ್ಲಾ ಕಮಿಟಿ ಮಾಡಿದ್ದೇವಲ್ಲ ಎನ್ನುತ್ತೀರಿ. ಭಿವಂಡಿಯಲ್ಲಿ 1970, 1984ರಲ್ಲಿ ದೊಡ್ಡ ಗಲಾಟೆಗಳಾದವು. ಆಮೇಲೆ ಡಿಸಿಪಿ ಆಗಿ ಬಂದ ಸುರೇಶ್ ಖೋಪಡೆಯವರು ಎರಡೂ ಕಡೆಯ ಸಾಮಾನ್ಯ ಜನರನ್ನು ಪೊಲೀಸರ ಜೊತೆ ಕೂರಿಸಿ ಕಮಿಟಿ ಮಾಡಿದರು. 1992ರಲ್ಲಿ ಮುಂಬೈ ಉರಿದಾಗ ಭಿವಂಡಿ ಸುಮ್ಮನಿತ್ತು. ಅಲ್ಲಿ ಜನ ಗಲಾಟೆಗೆ ಮುಂಚೆ ಕೂತರು. ನೀವು ನಮ್ಮನ್ನು ಕರೆಯುವುದು ಬೂದಿ ಆರಿದ ಮೇಲೆ.

ಜನಕ್ಕೆ ಬುದ್ಧಿ ಇಲ್ಲವೆಂದು ಮಾತ್ರ ಹೇಳಬೇಡಿ. 2023ರಲ್ಲಿ ಗಣಪತಿ ಬಿಡುವ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದಾಗ ಮುಂಬೈಯ ಮುಸ್ಲಿಮರು ಜುಲೂಸನ್ನು (ಮೆರವಣಿಗೆ) ಮರುದಿನಕ್ಕೆ ಹಾಕಿಕೊಂಡರು. ನಮ್ಮ ಗಲ್ಲಿಯಲ್ಲಿ ಗಣಪತಿಗೆ ದಾರಿ ಬಿಡಿಸಿದ್ದು ಮಸೀದಿಯ ಹುಡುಗರು.

ಇನ್ನು ವಾರ್ಡ್ ಕಚೇರಿಯವರಿಗೆ. ಗಲಾಟೆಯಾದ ಮೂರನೇ ದಿನ ರಾತ್ರಿ ಬೇಕರಿಗೆ ನೋಟಿಸ್ ಅಂಟಿಸಿದಿರಿ, ಮರುದಿನ ಬೆಳಿಗ್ಗೆ ಮುಂದಿನ ಶೆಡ್ ಕಿತ್ತಿರಿ. ಸುಟ್ಟ ರಿಕ್ಷಾ ಎತ್ತಲು ಸಿಗದ ಜೆಸಿಬಿ ಅದಕ್ಕೆ ಸಿಕ್ಕಿತು. ಕೆಡವುವ ಮುಂಚೆ 15 ದಿನದ ನೋಟಿಸ್ ಬೇಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್ 13ರಂದು ಹೇಳಿದೆ. ರಸ್ತೆಯ ಮೇಲಿದ್ದರೆ ಅದು ಬೇಕಿಲ್ಲ ಎನ್ನುತ್ತೀರಾ? ಹಾಗಾದರೆ ಹೋಟೆಲಿನ ಶೆಡ್ಡೂ ಅಷ್ಟೇ ಮುಂದೆ ಬಂದಿದೆ, ಅಳತೆಯೂ ಒಂದೇ, ಹಾಕಿದ ಮೇಸ್ತ್ರಿಯೂ ಒಬ್ಬನೇ. ಅದನ್ನು ಯಾಕೆ ಮುಟ್ಟಲಿಲ್ಲ? ಈ ಪ್ರಶ್ನೆ ಕೇಳಿ ಎಂದು ಹೋಟೆಲಿನ ಮಾಲೀಕರೇ ಹೇಳಿದ್ದಾರೆ. ಕೆಳಗೆ ಎರಡನೇ ಸಹಿ ಅವರದು.

ಬರೆಯಲು ಕೂತದ್ದಕ್ಕೆ ಉಳಿದದ್ದನ್ನೂ ಹೇಳಿಬಿಡುತ್ತೇವೆ. ತಿರುವಿನ ಸಿಸಿಟಿವಿ ಎರಡು ವರ್ಷದಿಂದ ಆಕಾಶ ನೋಡುತ್ತಿದೆ. ಅದರ ಪಕ್ಕದ ದೀಪ ಉರಿಯುವುದಿಲ್ಲ, ಕಲ್ಲು ಬಂದದ್ದು ಆ ಕತ್ತಲಿಂದಲೇ. ಡ್ರೈನೇಜ್ ರಿಪೇರಿಗೆ ಅಗೆದು ಬಿಟ್ಟ ಕಲ್ಲುರಾಶಿ ಒಂದೂವರೆ ತಿಂಗಳು ಅಲ್ಲೇ ಇತ್ತು, ಎಸೆಯುವವರಿಗೆ ಬೇರೆ ಕಡೆಯಿಂದ ತರುವ ಕಷ್ಟ ಬರಲಿಲ್ಲ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಉಳಿದಿರುವುದೇ ಎರಡು ಕೋಣೆ. ಅದರಲ್ಲಿ ಒಂದನ್ನು ಬಂದೋಬಸ್ತಿನವರು ಮಲಗಲು ತಗೊಂಡರು. ಐದು ವಾರ ಮಕ್ಕಳು ವರಾಂಡದಲ್ಲಿ ಕೂತರು. ಬಂದೋಬಸ್ತಿನವರಿಗೂ ಪಾಪ ಫ್ಯಾನ್ ಇರಲಿಲ್ಲ. ಧ್ವನಿವರ್ಧಕದ ನಿಯಮ ಮಸೀದಿಗೆ ಅಳತೆ ಯಂತ್ರ ಹಿಡಿದು ಬರುತ್ತದೆ, ಡಿಜೆ ಟೆಂಪೋ ಬಂದಾಗ ಯಂತ್ರ ಚಾರ್ಜ್ ಇರುವುದಿಲ್ಲ. ನಿಯಮ ಬೇಡ ಎನ್ನುತ್ತಿಲ್ಲ. ರಾತ್ರಿ ಹತ್ತರ ಮೇಲೆ ಎಲ್ಲರದ್ದೂ ನಿಲ್ಲಿಸಿ, ನಮ್ಮ ದೇವಸ್ಥಾನದ್ದನ್ನೂ.

ನಮಗೆ ಬೇಕಾದದ್ದು ಇಷ್ಟು. ಮೈಕಿನಲ್ಲಿ ಮಾತಾಡಿದವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ (ಧರ್ಮಗಳ ನಡುವೆ ದ್ವೇಷ ಹುಟ್ಟಿಸುವುದು) ಕೆಳಗೆ ಕೇಸ್ ಹಾಕಿ. ಹನ್ನೊಂದು ಬೈಕಿನವರನ್ನು ಕರೆಸಿ. ಕಲ್ಲು ಎಸೆದ ನಮ್ಮ ಇಬ್ಬರು ಹುಡುಗರ ಮೇಲೂ ಕೇಸ್ ನಡೆಯಲಿ, ಉಳಿದ ಇಪ್ಪತ್ತು ಜನರ ಚಾಪ್ಟರ್ ಕೇಸ್ ತೆಗೆಯಿರಿ. ಬೇಕರಿ, ರಿಕ್ಷಾ, ಕ್ರೂಜಿನ ನಷ್ಟದ ಪಂಚನಾಮೆ ಇನ್ನೂ ಆಗಿಲ್ಲ, ಅದನ್ನು ಮಾಡಿಸಿ. ಮುಂದಿನ ರ‍್ಯಾಲಿಗೆ ಪರವಾನಗಿ ಕೊಡುವ ಮುಂಚೆ ದಾರಿ ಯಾವುದೆಂದು ನಮಗೆ ತಿಳಿಸಿ. ದೀಪ, ಕ್ಯಾಮೆರಾ, ಶಾಲೆಯ ಕೋಣೆ ವಾರ್ಡ್ ಕಚೇರಿಯ ಲೆಕ್ಕ. ಸಭೆಗೆ ಕರೆಯುವುದಾದರೆ ಕೇಸಿನ ನಂಬರ್ ಹಿಡಿದುಕೊಂಡು ಕರೆಯಿರಿ, ಬಿಸ್ಕತ್ತು ನಾವೇ ತರುತ್ತೇವೆ. ಬೇಕರಿ ಈಗ ಅರ್ಧ ಒಲೆಯಲ್ಲಿ ನಡೆಯುತ್ತಿದೆ.

ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೊಬ್ಬರಂತೆ ಠಾಣೆಗೆ ಬಂದು ಈ ಕಾಗದ ಕೊಡುತ್ತೇವೆ. ಘೋಷಣೆ ಕೂಗುವುದಿಲ್ಲ, ಪೋಚ್ ಸಿಗುವವರೆಗೆ ಬೆಂಚಿನ ಮೇಲೆ ಕೂರುತ್ತೇವೆ. ಬೆಂಚು ಸಾಲದಿದ್ದರೆ ನೆಲ ಇದೆ. ಸಿಕ್ಕಾ ಮತ್ತೆ ಬೀರುವಿನಲ್ಲಿದ್ದರೆ ಬೀಗದ ಕೈ ಇರುವವರನ್ನು ಅವತ್ತೊಂದು ದಿನ ಡ್ಯೂಟಿಗೆ ಹಾಕಿ. ಇಂಕ್ ಪ್ಯಾಡ್ ನಮ್ಮ ಹತ್ತಿರ ಇದೆ.

ತಮ್ಮ ವಿಶ್ವಾಸಿಗಳು,
ಬೇಕರಿ ಗಲ್ಲಿಯ ನಿವಾಸಿಗಳು
(63 ಮನೆಗಳ ಸಹಿ ಮತ್ತು ಹೆಬ್ಬೆಟ್ಟು, ನಾಲ್ಕು ಹಾಳೆ)

ಜೊತೆಗೆ: ಹಿಂದಿನ ಆರು ಕಾಗದಗಳ ಜೆರಾಕ್ಸ್, ಹನ್ನೊಂದು ಬೈಕ್ ನಂಬರ್, ಆಸ್ಪತ್ರೆಯ ಚೀಟಿ, ಎರಡೂ ಶೆಡ್ಡುಗಳ ಅಳತೆ, ಮೂರನೇ ಪೆನ್‌ಡ್ರೈವ್. ನಾಲ್ಕನೆಯದು ನಮ್ಮ ಹತ್ತಿರವೇ ಇರುತ್ತದೆ.